ನೀರಕ್ಕ ಎದುರು ನಿಂತು ಕಲಿಸಿದ್ದು

ಕಿಡ್ನಿ ವಿಭಾಗದ ಕೊನೆಯ ಕೋಣೆಯಲ್ಲಿ ಪಾಠ ಹೇಳುವ ನರ್ಸಿಗೆ ರೋಗಿಗಳು ಇಟ್ಟ ಹೆಸರು ನೀರಕ್ಕ. ಯಾರು ಇಟ್ಟರೋ, ಯಾವಾಗ ಇಟ್ಟರೋ, ಈಗ ದೊಡ್ಡ ಡಾಕ್ಟರಮ್ಮ ಕೂಡ ವಾರ್ಡಿನ ಬಾಗಿಲಲ್ಲಿ ನಿಂತು "ನೀರಕ್ಕ ಎಲ್ಲಿ?" ಎಂದೇ ಕೇಳುತ್ತಿದ್ದರು.

ಅವಳು ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಕಿಡ್ನಿ ಕೈಕೊಟ್ಟ ಕೆಲವರ ಹೊಟ್ಟೆಗೆ ಡಾಕ್ಟರು ಒಂದು ಸಣ್ಣ ಕೊಳವೆ ಕೂರಿಸಿರುತ್ತಾರೆ. ಅದರ ಮೂಲಕ ಎರಡು ಲೀಟರ್ ಔಷಧದ ನೀರನ್ನು ಒಳಗೆ ಬಿಡಬೇಕು. ಕೆಲವು ಗಂಟೆ ಆ ನೀರು ಹೊಟ್ಟೆಯಲ್ಲೇ ಇದ್ದು ರಕ್ತದ ಕೊಳೆಯನ್ನು ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಹೊರಗೆ ಇಳಿಸಿ ಹೊಸ ನೀರು ಏರಿಸಬೇಕು. ದಿನಕ್ಕೆ ಹಲವು ಸಲ, ಮನೆಯಲ್ಲೇ, ಮನೆಯವರ ಕೈಯಿಂದಲೇ. ಹೊಸ ನೀರಿನ ಚೀಲ ಮೇಲೆ ಕೊಕ್ಕೆಯಲ್ಲಿ ನೇತಾಡುತ್ತದೆ, ಹಳೆ ನೀರು ಇಳಿಯುವ ಖಾಲಿ ಚೀಲ ಕೆಳಗೆ ನೆಲದ ಮೇಲೆ ಮಲಗಿರುತ್ತದೆ. ಎರಡರಿಂದಲೂ ಒಂದೊಂದು ಪೈಪು ಬಂದು ಮೇಜಿನ ಹತ್ತಿರ ಕೂಡಿ ಹೊಟ್ಟೆಯ ಕೊಳವೆಗೆ ಸೇರುತ್ತವೆ. ಒಂದೊಂದಕ್ಕೂ ಒಂದು ನೀಲಿ ಕ್ಲಿಪ್ಪು. ತೆಗೆದರೆ ನೀರು ಹರಿಯುತ್ತದೆ, ಒತ್ತಿದರೆ ನಿಲ್ಲುತ್ತದೆ. ಮೊದಲು ಹಳೆಯದು ಇಳಿಯಬೇಕು, ಆಮೇಲೆ ಹೊಸದು ಏರಬೇಕು. ತಿರುಗಾಮುರುಗಾ ಆದರೆ ತುಂಬಿದ ಹೊಟ್ಟೆಗೆ ಮತ್ತೆ ಅಷ್ಟೇ ನೀರು ತುಂಬಿ, ಉಸಿರು ಮೇಲಕ್ಕೆ ಬರುವುದಿಲ್ಲ. ಹೃದಯ ದುರ್ಬಲವಾಗಿದ್ದರಂತೂ ಆಟ ಮುಗಿದ ಹಾಗೆ.

ಆದರೆ ಆ ತಪ್ಪನ್ನು ಯಾರಾದರೂ ಮಾಡಿದ್ದನ್ನು ನೀರಕ್ಕ ನೋಡಿರಲಿಲ್ಲ. ಅವಳ ಭಯವೆಲ್ಲ ಕೊಳೆಯ ಮೇಲೆ, ಸೋಂಕಿನ ಮೇಲೆ. ಕೈ ತೊಳೆಯುವುದನ್ನೇ ಅವಳು ಒಂದು ದಿನ ಪೂರ್ತಿ ಕಲಿಸುತ್ತಿದ್ದಳು. "ನೀರು ಬದಲಾಯಿಸೋ ಹೊತ್ತಲ್ಲಿ ಬಾಗಿಲು ಹಾಕಿ ಚಿಲಕ ಹಾಕಿ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಫೋನಿಗೆ ಕರೆ ಬರದ ಹಾಗೆ ಮಾಡಿ. ಯಾರೇ ಬಂದು ಬಾಗಿಲು ಬಡಿದರೂ ಏಳಬೇಡಿ. ನಾನೇ ಬಂದರೂ ಅಷ್ಟೇ," ಎನ್ನುತ್ತಿದ್ದಳು. ಕೊನೆಯ ಮಾತಿಗೆ ಎಲ್ಲರೂ ನಗುತ್ತಿದ್ದರು.

ಕಲಿಸುವ ರೀತಿಯನ್ನು ಅವಳು ನರ್ಸಿಂಗ್ ಶಾಲೆಯಲ್ಲಿ ಕಲಿತದ್ದಲ್ಲ. ಅವಳಪ್ಪ ಬುಟ್ಟಿ ಹೆಣೆಯುತ್ತಿದ್ದ. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ. ಅಲ್ಲಿಯವರೆಗೆ ಶಾಲೆ ಬಿಟ್ಟ ತಕ್ಷಣ ಬುಟ್ಟಿಯ ಮುಂದೆ ಕೂರುತ್ತಿದ್ದಳು. ಮೊದಮೊದಲು ಅಪ್ಪನ ಎದುರು ಕೂತು ಅವನ ಕೈ ನೋಡಿ ಹೆಣೆದಳು. ಸುತ್ತು ಬೇರೆ ಕಡೆಗೆ ತಿರುಗಿ ಬುಟ್ಟಿ ಸೊಟ್ಟ ಬಂತು. ಅಪ್ಪ ಬೈಯಲಿಲ್ಲ. ಚಾಪೆ ಎಳೆದು ತನ್ನ ಪಕ್ಕ ಹಾಕಿ, "ಇಲ್ಲಿ ಬಾ. ಎದುರು ಕೂತ್ರೆ ಕೈ ತಿರುಗ್ತದೆ," ಎಂದ. ಆಸ್ಪತ್ರೆಯಲ್ಲಿ ಪಾಠ ಮಾಡಲು ಶುರುಮಾಡಿದ ದಿನದಿಂದ ಅವಳೂ ಹಾಗೇ. ಕಲಿಯುವವರನ್ನು ಭುಜಕ್ಕೆ ಭುಜ ತಾಗುವಂತೆ ಪಕ್ಕ ನಿಲ್ಲಿಸಿಕೊಳ್ಳುತ್ತಿದ್ದಳು. ಹಳೆ ನೀರಿನ ಪೈಪು ಯಾವಾಗಲೂ ಎಡಕ್ಕೆ, ಹೊಸದರದು ಬಲಕ್ಕೆ. ಮನೆಯಲ್ಲೂ ಹಾಗೇ ಜೋಡಿಸಿಕೊಳ್ಳಬೇಕೆಂದು ಹೇಳುತ್ತಿದ್ದಳು.

ಹೀಗೆ ಕಲಿಸಲು ಒಬ್ಬೊಬ್ಬರಿಗೆ ವಾರಕ್ಕೂ ಹೆಚ್ಚು ಹಿಡಿಯುತ್ತಿತ್ತು. ಹಾಸಿಗೆಗೆ ಕಾಯುವವರ ಸಾಲು ಬೆಳೆಯುತ್ತಿತ್ತು. ಒಂದು ದಿನ ಡಾಕ್ಟರಮ್ಮ ಅವಳನ್ನು ಕರೆದು, "ನೀವು ಹೇಳೋ ಪಾಠಾನೆಲ್ಲ ವಿಡಿಯೋ ಮಾಡಿಬಿಡಿ. ಮನೆಗೆ ಹೋದ ಮೇಲೂ ಎಷ್ಟು ಸಲ ಬೇಕೋ ಅಷ್ಟು ಸಲ ನೋಡ್ಕೊಳ್ಳಲಿ. ಬೇಗ ಮನೆಗೆ ಕಳಿಸಬಹುದು," ಎಂದರು. ಮಾತು ಸರಿಯಾಗಿಯೇ ಇತ್ತು. ಮನೆಗೆ ಹೋದವರು ಗಾಬರಿಯಲ್ಲಿ ಅರ್ಧ ಮರೆಯುತ್ತಾರೆ, ಓದಲು ಬಾರದವರಿಗೆ ಕೊಟ್ಟ ಪುಸ್ತಿಕೆ ತಲೆದಿಂಬಿನ ಕೆಳಗೆ ಸೇರುತ್ತದೆ. ವಿಡಿಯೋ ಹಾಗಲ್ಲ. ನೀರಕ್ಕನೇ ಅವರ ಮನೆಯಲ್ಲಿದ್ದ ಹಾಗೆ.

ಅವಳು ಉತ್ಸಾಹದಿಂದಲೇ ಮಾಡಿದಳು. ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಬಂದಳು. ಫೋನನ್ನು ಔಷಧದ ಪೆಟ್ಟಿಗೆಗಳ ಮೇಲೆ ಒರಗಿಸಿ, ತನ್ನ ಮುಖ ತನಗೇ ಕಾಣುವಂತೆ ಮುಂದಿನ ಕ್ಯಾಮೆರಾ ಹಾಕಿಕೊಂಡಳು. ಎದುರು ನಿಲ್ಲುವುದರ ತೊಂದರೆ ಅವಳ ತಲೆಗೆ ಬಾರದೆ ಇರಲಿಲ್ಲ. ಆದರೆ ಪರದೆಯ ಮೇಲೆ ನೋಡಿದರೆ ಅವಳ ಎಡಗೈ ಎಡಗಡೆಗೇ ಇತ್ತು, ಕನ್ನಡಿಯಲ್ಲಿ ಇದ್ದ ಹಾಗೆ. ನೋಡಿದವರು ಹಾಗೇ ಮಾಡಿದರೆ ಸರಿಹೋಗುತ್ತದೆ ಎಂದು ಸಮಾಧಾನವಾಯಿತು. ಹಿಂದೆ ಇದ್ದ ಪೆಟ್ಟಿಗೆಯ ಮೇಲಿನ ಅಕ್ಷರ ಮಾತ್ರ ಕನ್ನಡಿಯಲ್ಲಿ ಓದಿದಂತೆ ಹಿಂದುಮುಂದಾಗಿ ಕಾಣುತ್ತಿತ್ತು. ಅದೊಂದು ಬೇಜಾರು. ಎಲ್ಲ ಮುಗಿಸಿ ಉಳಿಸಿದ ವಿಡಿಯೋ ತೆಗೆದು ನೋಡಿದರೆ ಅಕ್ಷರಗಳು ನೆಟ್ಟಗಿದ್ದವು. ಪುಣ್ಯ, ಫೋನೇ ಸರಿ ಮಾಡಿಕೊಂಡಿದೆ ಎಂದುಕೊಂಡಳು. ಕೈ ತೊಳೆದದ್ದು ಚೆನ್ನಾಗಿ ಬಂದಿದೆಯೇ, ಧ್ವನಿ ಕೇಳುತ್ತದೆಯೇ ಎಂದು ಮತ್ತೆ ಮತ್ತೆ ನೋಡಿದಳು. ಡಾಕ್ಟರಮ್ಮನೂ ನೋಡಿ ಮೆಚ್ಚಿದರು.

ಆ ವಿಡಿಯೋ ನೋಡಿ ಕಲಿತು ಮನೆಗೆ ಹೊರಟ ಮೊದಲನೆಯವನು ಪೇಂಟರ್.

ಗೋಡೆಗಳಿಗೆ ಬಣ್ಣ ಹೊಡೆಯುವವನು. ಕಾಯಿಲೆ ಅವನ ಅತ್ತೆಗೆ. ಹೆಂಡತಿ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ಕಲಿಯಲು ಬಂದವನು ಅಳಿಯ. ಮೊದಲ ದಿನ ಅತ್ತೆಯ ಹೊಟ್ಟೆಯ ಕಡೆ ನೋಡಲೂ ಸಂಕೋಚಪಟ್ಟು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅತ್ತೆಯೇ, "ಅಳಿಯಂದ್ರೇ, ಗೋಡೆ ಅಂದ್ಕೊಳ್ಳಿ. ಸ್ವಲ್ಪ ಬಿರುಕು ಬಿಟ್ಟಿದೆ ಅಷ್ಟೆ," ಎಂದಿದ್ದಳು.

"ಗೋಡೆ ಆಗಿದ್ರೆ ಮೊದಲು ಉಜ್ಜುಕಾಗದ ಹಾಕಿ ಉಜ್ಜಬೇಕಾಗ್ತಿತ್ತು ಅತ್ತೆ."

"ಅದನ್ನ ನಿಮ್ಮ ಹೆಂಡ್ತಿ ದಿನಾ ಮಾಡ್ತಾಳೆ, ನೀವು ಬಿಡಿ."

ಅಂಥ ಶ್ರದ್ಧೆಯ ವಿದ್ಯಾರ್ಥಿ ನೀರಕ್ಕನಿಗೆ ಸಿಕ್ಕಿರಲಿಲ್ಲ. ಉಗುರಿನ ಸಂದಿಯ ಬಣ್ಣ ಹೋಗುವವರೆಗೂ ಕೈ ತಿಕ್ಕುತ್ತಿದ್ದ. ವರಾಂಡದ ಬೆಂಚಿನಲ್ಲಿ ಕೂತು ವಿಡಿಯೋ ನೋಡಿ ನೋಡಿ, ಅವಳ ಮಾತುಗಳನ್ನೆಲ್ಲ ಅವಳದೇ ರಾಗದಲ್ಲಿ ಒಪ್ಪಿಸುತ್ತಿದ್ದ. ಪರೀಕ್ಷೆಯ ದಿನ ಮಾಸ್ಕ್ ಕಟ್ಟಿದ್ದು, ಕೈ ತೊಳೆದದ್ದು, ಕೊಳವೆ ಜೋಡಿಸಿದ್ದು ಎಲ್ಲವೂ ಅಚ್ಚುಕಟ್ಟು. ಅಷ್ಟರಲ್ಲಿ ಪಕ್ಕದ ವಾರ್ಡಿನಿಂದ ಕರೆ ಬಂತು. ನೀರಕ್ಕ ಅವಸರದಲ್ಲಿ ತಾನೇ ಕೈ ಚಾಚಿ ಕ್ಲಿಪ್ಪುಗಳನ್ನು ತೆಗೆದು, ಹಾಕಿ, "ಆಯ್ತು, ನೀವು ಪಾಸು," ಎಂದು ಹೊರಟುಬಿಟ್ಟಳು. ಆ ಬೆಳಿಗ್ಗೆಯೇ ಅತ್ತೆಯನ್ನು ಮನೆಗೆ ಕಳಿಸಿದರು. ಹೊಟ್ಟೆಯಲ್ಲಿ ಆಸ್ಪತ್ರೆಯಲ್ಲಿ ಏರಿಸಿದ ನೀರಿತ್ತು. ಸಂಜೆ, ಇನ್ನೂ ಬೆಳಕಿರುವಾಗ, ಅಳಿಯ ಅದನ್ನು ಇಳಿಸಿ ಹೊಸದು ಏರಿಸಬೇಕಿತ್ತು.

ಮಧ್ಯಾಹ್ನ ಕಳೆದ ಮೇಲೆ ಪಾಠದ ಕೋಣೆಗೆ ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬಂದಳು. ಅವಳು ತನ್ನ ತಮ್ಮನಿಗಾಗಿ ಕಲಿಯುತ್ತಿದ್ದಳು. ಮೇಜಿನ ಮೇಲಿದ್ದ ರಬ್ಬರಿನ ಹೊಟ್ಟೆಗೆ ಕೊಳವೆ ಜೋಡಿಸಿದಳು. ಜೋಡಿಸಿ, ಸಲೀಸಾಗಿ ಬಲಗಡೆಯ ಕ್ಲಿಪ್ಪು ತೆಗೆದಳು. ಮೇಲಿನ ಚೀಲದ ನೀರು ರಬ್ಬರ್ ಹೊಟ್ಟೆಗೆ ಹರಿಯಿತು.

"ಏನಮ್ಮಾ ಇದು? ಹಳೇದು ಇಳಿಯೋಕೆ ಮುಂಚೆ ಹೊಸದು ಬಿಟ್ರೆ ತಮ್ಮನ ಗತಿ ಏನು?" ಎಂದಳು ನೀರಕ್ಕ.

"ನೀವು ಮಾಡಿದ ಹಾಗೇ ಮಾಡಿದೆ ಸಿಸ್ಟರ್."

"ನಾನೆಲ್ಲಿ ಮಾಡಿದೆ ಹೀಗೆ?"

"ವಿಡಿಯೋದಲ್ಲಿ. 'ಮೊದಲು ಈ ಕಡೇದು' ಅಂತ ಈ ಕಡೇದನ್ನೇ ತೆಗೆದ್ರಿ. ನಾನು ನಿಮ್ಮ ಕೈನೇ ನೋಡ್ತಿದ್ದೆ." ಅವಳು ಫೋನು ತೆಗೆದು ಮುಂದೆ ಹಿಡಿದಳು. "ನೋಡಿ ಬೇಕಾದ್ರೆ. ಸುಮ್ಮನೆ ನನ್ನ ಮೇಲೆ ಹಾಕ್ಬೇಡಿ."

ನೀರಕ್ಕ ನೋಡಿದಳು. ಪರದೆಯಲ್ಲಿ ಅವಳು ನಗುತ್ತಾ, ಗಡಿಯಾರ ಕಟ್ಟಿದ ಕೈಯಿಂದ ಕ್ಲಿಪ್ಪು ತೆಗೆದಳು. ಗಡಿಯಾರ ಅವಳು ಕಟ್ಟುತ್ತಿದ್ದುದು ಎಡಗೈಗೆ. ಪರದೆಯಲ್ಲಿ ಅದು ಬಲಗಡೆಗಿತ್ತು. ಚೀಲಗಳೆರಡೂ ಚಿತ್ರದ ಹೊರಗಿದ್ದವು, ಯಾವ ಪೈಪು ಎಲ್ಲಿಗೆ ಹೋಗುತ್ತದೆಂದು ಕಾಣುತ್ತಲೇ ಇರಲಿಲ್ಲ. ಹಿಂದಿನ ಪೆಟ್ಟಿಗೆಯ ಅಕ್ಷರ ನೆಟ್ಟಗೆ, ಓದುವಂತಿತ್ತು. ಫೋನು ಅಕ್ಷರಗಳನ್ನು ನೆಟ್ಟಗೆ ಮಾಡುವಾಗ ಅವಳ ಕೈಗಳನ್ನೂ ತಿರುಗಿಸಿತ್ತು. ಎದುರು ಕೂತ ಮಗುವಿನ ಬುಟ್ಟಿಯಂತೆ ಎಲ್ಲವೂ ಆ ಕಡೆಯದು ಈ ಕಡೆ.

ಈ ವಿಡಿಯೋ ಹೋಗಿದ್ದು ಎಷ್ಟು ಮನೆಗೆ? ಹಳಬರೆಲ್ಲ ಪಕ್ಕ ನಿಂತು ಕಲಿತವರು, ಅವರ ಕೈಗೆ ಅಭ್ಯಾಸವಾಗಿತ್ತು. ಬೇಕರಿಯವಳು ಇಲ್ಲೇ ಇದ್ದಳು. ಉಳಿದವನು ಪೇಂಟರ್ ಒಬ್ಬನೇ. ಅವನ ಅತ್ತೆಯ ಹೃದಯ ಮೊದಲೇ ಸೋತಿತ್ತು.

ಫೋನ್ ಮಾಡಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಮತ್ತೆ ಮಾಡಿದಳು. ಅದೇ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಕರೆ ಬರದ ಹಾಗೆ ಮಾಡಿ ಎಂದು ಹೇಳಿದ್ದು ಯಾರು? ಅವನು ಫೋನಿಗೆ ಕರೆ ಬರದ ಹಾಗೆ ಮಾಡಿದ್ದಾನೆಂದರೆ ಕೈ ತೊಳೆಯಲು ಶುರುಮಾಡಿದ್ದಾನೆ ಎಂದೇ ಅರ್ಥ. ಕಿಟಕಿಯ ಹೊರಗೆ ಇನ್ನೂ ಒಳ್ಳೆಯ ಬಿಸಿಲಿತ್ತು. ಬೇಗ ಶುರುಮಾಡಿದ್ದಾನೆ. ಶ್ರದ್ಧೆಯ ಮನುಷ್ಯ.

ಹೆಂಡತಿಯ ನಂಬರಿಗೆ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಫೋನು ಕೊಟ್ಟು ಒಳಗೆ ಹೋಗಬೇಕು ಎಂದು ಆಕೆ ಹೇಳಿದ್ದು ನೆನಪಾಯಿತು.

ಅವಳು ಚಪ್ಪಲಿ ಬದಲಿಸದೆ, ವಾರ್ಡಿನ ಚಪ್ಪಲಿಯಲ್ಲೇ ಓಡಿದಳು. ಗೇಟಿನ ಹೊರಗೆ ಸಿಕ್ಕ ಆಟೋದಲ್ಲಿ ಕೂತು ಬೀದಿಯ ಹೆಸರು ಹೇಳಿ, ಡಾಕ್ಟರಮ್ಮನಿಗೆ ಫೋನ್ ಹಚ್ಚಿದಳು.

"ಮೇಡಂ, ವಿಡಿಯೋದಲ್ಲಿ ಎಡ ಬಲ ತಿರುಗಿದೆ. ಪೇಂಟರ್ ಮನೇಲಿ ಈಗ ನೀರು ಬಿಡ್ತಿದ್ದಾನೆ. ಫೋನ್ ಸಿಗ್ತಿಲ್ಲ. ನಾನು ಹೊರಟಿದ್ದೀನಿ."

"ಆ ವಿಡಿಯೋ ನಾನೂ ನೋಡಿದ್ದೆ," ಎಂದರು ಡಾಕ್ಟರಮ್ಮ. "ಆಂಬುಲೆನ್ಸ್ ಕಳಿಸ್ತೀನಿ. ಮೊದಲು ಒಳಗೆ ಹೋಗ್ತಿರೋದನ್ನ ನಿಲ್ಲಿಸಿ. ಆಮೇಲೆ ಪೂರ್ತಿ ಇಳಿಸಿ. ಕೂರಿಸೇ ಇಡಿ, ಮಲಗಿಸಬೇಡಿ."

ಆಟೋದವನು ಕನ್ನಡಿಯಲ್ಲಿ ಅವಳನ್ನು ನೋಡಿದ. "ಯಾರಿಗಕ್ಕಾ ಹುಷಾರಿಲ್ಲ?"

"ನಾನು ಬೇಗ ಹೋಗದೆ ಇದ್ರೆ ಒಬ್ಬರಿಗೆ ಹುಷಾರು ತಪ್ಪುತ್ತೆ."

"ಎಲ್ಲರೂ ಹಾಗೇ ಹೇಳ್ತಾರೆ. ಮೊನ್ನೆ ಒಬ್ಬರು ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಅಂತ ಸಿಗ್ನಲ್ ಹಾರಿಸಿದ್ರು."

"ಅಣ್ಣಾ, ದಯವಿಟ್ಟು. ಮಾತು ಬೇಡ, ಓಡಿಸಿ."

ಅವಳ ದನಿಯಲ್ಲಿ ಏನು ಕೇಳಿಸಿತೋ, ಅವನು ಬಾಯಿ ಮುಚ್ಚಿ ಗಾಡಿಯನ್ನು ಒಂದು ಅಡ್ಡರಸ್ತೆಗೆ ನುಗ್ಗಿಸಿದ. ಸೈಕಲ್ ರಿಪೇರಿ ಅಂಗಡಿಯ ಟೈರುಗಳು, ಒಣಗಿಸಿದ ಬಟ್ಟೆ, ಮುಚ್ಚಿದ ಶಟರುಗಳು ಹಿಂದೆ ಸರಿದವು. ನೀರಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಈಗ ಬಾಗಿಲು ಹಾಕಿರುತ್ತಾನೆ. ಈಗ ಮೇಜು ಒರೆಸುತ್ತಿರುತ್ತಾನೆ. ದೇವರೇ, ಇವನು ಕೈ ತೊಳೆಯೋದು ನಿಧಾನ ಆಗಲಿ.

ಮನೆಯ ಗುರುತು ಕೇಳಿದಾಗ ಪೇಂಟರ್ ಹೇಳಿದ್ದು, "ಹಸಿರು ಬಾಗಿಲಕ್ಕಾ, ದೂರದಿಂದಲೇ ಕಾಣುತ್ತೆ." ಓಣಿಯ ಬಾಯಲ್ಲಿ ಇಳಿದು ನೋಡಿದರೆ ಎರಡೂ ಸಾಲಿನಲ್ಲಿ ಎಲ್ಲ ಬಾಗಿಲೂ ಹಸಿರು. ಕೆಲಸದಲ್ಲಿ ಉಳಿದ ಬಣ್ಣವನ್ನು ಮನೆಗೆ ತಂದು ಓಣಿಗೆಲ್ಲ ಬಳಿದಿದ್ದ ಪುಣ್ಯಾತ್ಮ. ನಲ್ಲಿಯ ಹತ್ತಿರ ಬಕೆಟ್ ಹಿಡಿದು ನಿಂತಿದ್ದ ಹೆಂಗಸನ್ನು ಕೇಳಿದಳು.

"ಪೇಂಟರ್ ಮನೆಯಾ? ಅಗೋ, ಮೆಟ್ಟಿಲು ಒಡೆದಿದೆಯಲ್ಲ, ಅದು. ಊರಿಗೆಲ್ಲ ಸುಣ್ಣ ಬಣ್ಣ, ತನ್ನ ಮನೆ ಮೆಟ್ಟಿಲು ನೋಡಿ." ಆಮೇಲೆ ಹಿಂದಿನಿಂದ ಕೂಗಿ ಸೇರಿಸಿದಳು, "ಈಗ ತೆಗೆಯಲ್ಲ ಬಿಡಿ. ಆಗಲೇ ಬಾಗಿಲು ಹಾಕ್ಕೊಂಡ. ಅರ್ಧ ಗಂಟೆ ಯಾರೂ ಬರಬೇಡಿ ಅಂತ ಓಣಿಗೆಲ್ಲ ಹೇಳಿದ್ದಾನೆ."

ಬಾಗಿಲಿಗೆ ಒಳಗಿನಿಂದ ಚಿಲಕ. ಕಿಟಕಿ ಮುಚ್ಚಿ, ಸಂದಿಗೂ ಬಟ್ಟೆ ತುರುಕಿದ್ದ. ಬಾಗಿಲಿಗೆ ಕಿವಿ ಕೊಟ್ಟರೆ ಒಳಗಿನಿಂದ ಒಂದು ದನಿ ಕೇಳಿಸಿತು. ಹೆಂಗಸಿನ ದನಿ, ತಾಳ್ಮೆಯದು, ಧೈರ್ಯ ಹೇಳುವಂಥದು.

"...ಮೊದಮೊದಲು ಹೊಟ್ಟೆ ಬಿಗಿದ ಹಾಗೆ ಆಗುತ್ತೆ. ಹೆದರಬೇಡಿ. ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತೆ..."

ಅದು ಅವಳದೇ ದನಿ. ಅದರ ಹಿಂದೆ ಇನ್ನೊಂದು ಸದ್ದಿತ್ತು. ಯಾರೋ ಬಾಯಿ ತೆರೆದು ಗಾಳಿಯನ್ನು ಎಳೆದು ಎಳೆದು ನುಂಗುತ್ತಿರುವ ಸದ್ದು.

ಎರಡೂ ಕೈಯಿಂದ ಬಾಗಿಲು ಬಡಿದಳು. "ಪೇಂಟರಣ್ಣಾ. ಬಾಗಿಲು ತೆಗೀರಿ. ನಾನು ನೀರಕ್ಕ."

ಒಳಗೆ ವಿಡಿಯೋ ನಡೆದೇ ಇತ್ತು. ಆಮೇಲೆ ಮಾಸ್ಕಿನ ಹಿಂದಿನಿಂದ ಮಂಕಾದ ದನಿ ಬಂತು. "ಯಾರೇ ಆಗಿದ್ರೂ ಆಮೇಲೆ ಬನ್ನಿ. ಈಗ ತೆಗೆಯೋ ಹಾಗಿಲ್ಲ. ಸಿಸ್ಟರ್ ಹೇಳಿದ್ದಾರೆ."

"ಆ ಸಿಸ್ಟರೇ ನಾನು."

"ಸಿಸ್ಟರೇ ಬಂದ್ರೂ ತೆಗೀಬೇಡಿ ಅಂತ ಸಿಸ್ಟರೇ ಹೇಳಿದ್ದಾರೆ."

ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಅಲ್ಲದೆ ಅವನ ಮಾತು ಸರಿಯೂ ಹೌದು. ತೊಳೆದ ಕೈಯಿಂದ ಅವನು ಚಿಲಕ ಮುಟ್ಟುವುದಿಲ್ಲ. ಅವನನ್ನು ಒಪ್ಪಿಸಿ ಬಾಗಿಲು ತೆಗೆಸುವಷ್ಟರಲ್ಲಿ ಮೇಲಿನ ಚೀಲ ಖಾಲಿಯಾಗುತ್ತದೆ. ಬಾಗಿಲು ಒಡೆಯಲು ಅವಳಿಂದಾಗದು. ಅವಳ ಹತ್ತಿರ ಇದ್ದದ್ದು ಬಾಯಿ ಒಂದೇ.

"ಸರಿ, ತೆಗೀಬೇಡಿ," ಎಂದಳು. ದನಿಯನ್ನು ಆದಷ್ಟು ಕೆಳಗಿಳಿಸಿದಳು. ಗಾಬರಿಯ ದನಿ ಕೇಳಿದರೆ ಅವನ ಕೈ ನಡುಗುತ್ತದೆ. "ಅಲ್ಲೇ ಇರಿ. ಅಮ್ಮನಿಗೆ ಉಸಿರಾಟ ಹೇಗಿದೆ?"

"ಕಷ್ಟ ಆಗ್ತಿದೆ ಅಕ್ಕಾ. ಮೊದಮೊದಲು ಬಿಗಿದ ಹಾಗೆ ಆಗುತ್ತೆ ಅಂತ..."

"ಇದು ಅದಲ್ಲ. ಆ ಫೋನಲ್ಲಿರೋಳು ತಪ್ಪು ಹೇಳ್ತಿದ್ದಾಳೆ. ಅವಳ ಮಾತು ಕೇಳಬೇಡಿ, ನನ್ನ ಮಾತು ಕೇಳಿ."

ಫೋನಿನಲ್ಲಿರುವ ನೀರಕ್ಕ ಹೆದರಬೇಡಿ ಎನ್ನುತ್ತಿದ್ದಾಳೆ, ಬಾಗಿಲ ಹೊರಗಿರುವ ನೀರಕ್ಕ ಹೆದರುವಂಥದ್ದನ್ನು ಹೇಳುತ್ತಿದ್ದಾಳೆ. ಯಾರನ್ನು ನಂಬಬೇಕೆಂದು ಅವನು ತೂಗುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ಅತ್ತೆಯ ದನಿ ಬಂತು, ತುಂಡು ತುಂಡಾಗಿ. "ಅಳಿಯಂದ್ರೇ... ಹೊರಗಿರೋರ... ಮಾತು ಕೇಳಿ. ಇವಳು... ನಗ್ತಾನೇ ಇದ್ದಾಳೆ."

"ಹೇಳಿ ಅಕ್ಕಾ," ಎಂದ ಅವನು.

"ಎಡ ಬಲ ಎರಡೂ ಮರೆತುಬಿಡಿ. ಮೇಲೆ ಕೊಕ್ಕೆಯಲ್ಲಿ ಒಂದು ಚೀಲ ನೇತಾಡ್ತಿದೆ ಅಲ್ವಾ?"

"ಹೌದು."

"ಅದರಿಂದ ಇಳಿದಿರೋ ಪೈಪನ್ನ ಕಣ್ಣಲ್ಲೇ ಹಿಡ್ಕೊಂಡು ಕೆಳಗೆ ಬನ್ನಿ. ಬೇರೆ ಏನೂ ನೋಡಬೇಡಿ. ದಾರೀಲಿ ಒಂದು ನೀಲಿ ಕ್ಲಿಪ್ಪು ಸಿಗುತ್ತೆ. ಸಿಕ್ತಾ?"

"ಇದು... ಇದು ತೆಗೆದಿರೋದು. ಮೊದಲು ತೆಗೀಬೇಕಾದ್ದು."

"ಅದನ್ನ ಒತ್ತಿ. ಟಕ್ ಅನ್ನಬೇಕು."

ಅವಳು ಕಿವಿಯನ್ನು ಬಾಗಿಲಿಗೆ ಒತ್ತಿ ನಿಂತಳು. ಫೋನಿನ ದನಿಯ ನಡುವೆ ಒಂದು ಸಣ್ಣ ಸದ್ದು ಬಂತೋ ಇಲ್ಲವೋ.

"ಒತ್ತಿದೆ."

"ಮೇಲಿನ ಚೀಲದ ನೀರು ನಿಂತಿದೆಯಾ? ನನಗೆ ಕಾಣಲ್ಲ ಅಣ್ಣಾ. ನೀವೇ ನೋಡಿ ಹೇಳಬೇಕು."

"ನಿಂತಿದೆ. ಅರ್ಧಕ್ಕಿಂತ ಜಾಸ್ತಿ ಹೋಗಿಬಿಟ್ಟಿದೆ ಅಕ್ಕಾ." ದನಿ ಒಡೆಯಿತು. ಅವನಿಗೆ ಅರ್ಥವಾಗಿತ್ತು.

"ಆಮೇಲೆ ಅಳೋಣ. ಈಗ ನೆಲದ ಮೇಲಿರೋ ಚೀಲ ನೋಡಿ. ಖಾಲಿ ಇರೋದು. ಅದರ ಪೈಪು ಹಿಡ್ಕೊಂಡು ಮೇಲಕ್ಕೆ ಬನ್ನಿ. ಕ್ಲಿಪ್ಪು ಸಿಕ್ತಾ? ತೆಗೀರಿ. ಕೆಳಗಿನ ಚೀಲಕ್ಕೆ ಏನಾದ್ರೂ ಬೀಳ್ತಿದೆಯಾ?"

ಅವಳ ಹಿಂದೆ ಓಣಿಯವರು ಗುಂಪು ಕಟ್ಟಿದ್ದರು. ಯಾರೋ "ಒದ್ದು ಒಡೆಯೋಣವಾ?" ಎಂದರು. ಅವಳು ಕೈ ಎತ್ತಿ ಸುಮ್ಮನಿರಿಸಿದಳು.

"ಬೀಳ್ತಿದೆ," ಎಂದ ಅವನು ಕೊನೆಗೆ. "ಜೋರಾಗಿ ಬೀಳ್ತಿದೆ."

"ಅಮ್ಮನ್ನ ಮಲಗಿಸಬೇಡಿ. ಮುಂದಕ್ಕೆ ಬಾಗಿ ಕೂತಿರಲಿ. ಆ ಫೋನನ್ನ ಮೊಣಕೈಯಿಂದ ತಳ್ಳಿ ಬೀಳಿಸಿ."

ಏನೋ ನೆಲಕ್ಕೆ ಬಿದ್ದ ಸದ್ದಾಯಿತು. ವಿಡಿಯೋ ನಿಂತಿತು. ಈಗ ಉಸಿರೊಂದೇ ಕೇಳುತ್ತಿತ್ತು. ನೀರಕ್ಕ ಒಡೆದ ಮೆಟ್ಟಿಲ ಮೇಲೆ ಕೂತು ಆ ಉಸಿರಿನ ಜೊತೆಗೇ ತಾನೂ ಉಸಿರು ಬಿಡುತ್ತಿದ್ದಳು. ಎಳೆತ ಹಾಗೇ ಇತ್ತು. ಹಾಗೇ ಇತ್ತು. ಆಮೇಲೆ ಎರಡು ಎಳೆತಗಳ ನಡುವೆ ಸ್ವಲ್ಪ ಬಿಡುವು ಬಂತು. ಇನ್ನೂ ಸ್ವಲ್ಪ ಬಿಡುವು. ಬಹಳ ಹೊತ್ತಿನ ಮೇಲೆ ಅತ್ತೆಯ ದನಿ ಬಂತು.

"ಸಿಸ್ಟರ್, ಈ ಅಳಿಯಂದ್ರಿಗೆ ಮಾಸ್ಕ್ ತೆಗೀಬಹುದು ಅಂತ ಹೇಳಿ. ಅಳ್ತಾ ಇದ್ದಾರೆ, ಮೂಗೆಲ್ಲ ಅದರಲ್ಲೇ."

"ಕೊಳವೆ ಬಿಚ್ಚಿ ಮುಚ್ಚಳ ಹಾಕೋವರೆಗೂ ತೆಗೆಯೋ ಹಾಗಿಲ್ಲಮ್ಮಾ," ಎಂದಳು ನೀರಕ್ಕ.

ಆಂಬುಲೆನ್ಸ್ ಬಂತು. ಆ ರಾತ್ರಿ ಅತ್ತೆಯನ್ನು ವಾರ್ಡಿನಲ್ಲಿ ಕಣ್ಣಿಟ್ಟು ನೋಡಿಕೊಂಡರು. ಹೊಸ ನೀರು ಏರಿಸುವಾಗ ನೀರಕ್ಕನೇ ಮಾಡಿದಳು. ಪೇಂಟರ್ ಹಾಸಿಗೆಯಿಂದ ದೂರ, ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಹೆಂಡತಿ ಕೆಲಸ ಬಿಟ್ಟವಳೇ ಓಡಿ ಬಂದು, ಯಾರನ್ನು ಬೈಯಬೇಕೆಂದು ತಿಳಿಯದೆ ಅವ್ವನ ಕಾಲು ಹಿಡಿದು ಕೂತಳು.

ನೀರಕ್ಕ ಅವನನ್ನು ವರಾಂಡಕ್ಕೆ ಕರೆದು, ನಡೆದದ್ದನ್ನು ಇದ್ದ ಹಾಗೆ ಹೇಳಿದಳು. ಫೋನು ತಿರುಗಿಸಿದ್ದು, ತಾನು ಗಡಿಯಾರ ನೋಡದೆ ಅಕ್ಷರ ನೋಡಿ ಖುಷಿಪಟ್ಟದ್ದು, ಪರೀಕ್ಷೆಯ ದಿನ ಅವಸರದಲ್ಲಿ ಕ್ಲಿಪ್ಪನ್ನು ತಾನೇ ತೆಗೆದದ್ದು. "ತಪ್ಪು ನಿಮ್ಮದಲ್ಲ. ನಾನು ತೋರಿಸಿದ ಹಾಗೆ ನೀವು ಮಾಡಿದ್ರಿ."

ಅವನು ಉಗುರು ನೋಡಿಕೊಳ್ಳುತ್ತಾ ನಿಂತಿದ್ದ. "ಅದೇ ಭಯ ಅಕ್ಕಾ. ಅತ್ತೆ ಕಣ್ಮುಂದೆ ಉಸಿರಿಗೆ ಒದ್ದಾಡ್ತಿದ್ರು. ನಾನು ಫೋನ್ ನೋಡ್ತಿದ್ದೆ. ನಾಳೆ ನೀವು ಇನ್ನೇನು ತೋರಿಸಿದ್ರೂ ಹಾಗೇ ಮಾಡ್ತೀನಿ. ನನ್ನಿಂದಾಗಲ್ಲ. ಇಲ್ಲೇ ಮಶೀನಿಗೆ ಹಾಕಿ."

ಮಶೀನಿಗೆ ಹಾಕುವುದೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ರಕ್ತವನ್ನು ಹೊರಗೆಳೆದು ತೊಳೆದು ಮತ್ತೆ ಒಳಗೆ ಬಿಡುವ ಆ ಮಶೀನನ್ನು ಅತ್ತೆಯ ಹೃದಯ ತಡೆಯುವುದಿಲ್ಲ ಎಂದೇ ಡಾಕ್ಟರಮ್ಮ ಹೊಟ್ಟೆಗೆ ಕೊಳವೆ ಹಾಕಿದ್ದು. ಅವನು ಬೇಡವೆಂದರೆ ಬೇರೆ ದಾರಿ ಇರಲಿಲ್ಲ. ಬಲವಂತ ಮಾಡಲು ಅವಳಿಗೆ ಬಾಯಿಯೂ ಇರಲಿಲ್ಲ.

ಬೆಳಿಗ್ಗೆ ನೀರು ಬದಲಾಯಿಸುವ ಹೊತ್ತಾಯಿತು. ನೀರಕ್ಕ ಕೈ ತೊಳೆಯಲು ಹೊರಟಾಗ ಅತ್ತೆ ದಿಂಬಿಗೆ ಒರಗಿಕೊಂಡೇ, "ನೀವು ಬೇಡ ಸಿಸ್ಟರ್. ನನ್ನ ಅಳಿಯ ಮಾಡ್ತಾರೆ," ಎಂದಳು.

"ನಾನು ಮಾಡಲ್ಲ ಅತ್ತೆ."

"ನಿನ್ನೆ ಬಾಗಿಲು ಹಾಕಿತ್ತು. ಸಿಸ್ಟರ್ ಹೊರಗಿದ್ರು, ಅವರಿಗೆ ಏನೂ ಕಾಣ್ತಿರಲಿಲ್ಲ. ನಿಲ್ಲಿಸಿದ್ದು ಯಾರು? ಇಳಿಸಿದ್ದು ಯಾರು?"

"ಅವರು ಹೇಳಿದ್ರು."

"ಯಾವುದು ಅಂತ ಹೇಳಲಿಲ್ಲ. ಹುಡುಕಿ ಅಂದ್ರು. ಹುಡುಕಿದ್ದು ನೀವು. ಕೈ ತೊಳ್ಕೊಂಡು ಬನ್ನಿ, ನನಗೆ ಹೊಟ್ಟೆ ಭಾರ ಆಗ್ತಿದೆ."

ಅವನು ಹೆಂಡತಿಯ ಕಡೆ ನೋಡಿದ. ಬಹಳ ಹೊತ್ತು ನಲ್ಲಿಯ ಸದ್ದು ಕೇಳಿಸಿತು. ಬಂದು ಮಾಸ್ಕ್ ಕಟ್ಟಿ, ಕೊಳವೆ ಜೋಡಿಸಿದ. ಕೈ ಮೇಜಿನ ಮೇಲೆ ನಿಂತಿತು. ನೀರಕ್ಕ ಬೇಕೆಂದೇ ಈ ಸಲ ಪೈಪುಗಳನ್ನು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿಟ್ಟಿದ್ದಳು. ಎಡಕ್ಕೆ ಇದು, ಬಲಕ್ಕೆ ಅದು ಎಂದು ಏನೂ ಉಳಿದಿರಲಿಲ್ಲ.

"ಯಾವುದು ಅಕ್ಕಾ?" ಎಂದು ಕೇಳಿದ.

ನಾಲಗೆಯ ತುದಿಗೆ ಬಂದದ್ದನ್ನು ನೀರಕ್ಕ ಕಚ್ಚಿ ಹಿಡಿದಳು. ತಪ್ಪಾದರೆ ತಡೆಯಲು ಕೈ ಸಿದ್ಧವಾಗಿತ್ತು, ಆದರೆ ಬೆನ್ನ ಹಿಂದೆ.

"ಅವರ ಮುಖದ ಮೇಲೆ ಬರೆದಿಲ್ಲ ಅಳಿಯಂದ್ರೇ," ಎಂದಳು ಅತ್ತೆ. "ಪೈಪು ನೋಡಿ."

ಅವನು ಬಗ್ಗಿ ನೆಲದ ಮೇಲಿನ ಚೀಲವನ್ನು ನೋಡಿದ. ಅಲ್ಲಿಂದ ಹೊರಟ ಪೈಪಿನ ಜೊತೆಗೆ ಬೆರಳನ್ನು ಗಾಳಿಯಲ್ಲೇ, ಮುಟ್ಟದೆ, ಮೇಲಕ್ಕೆ ತಂದ. ಒಂದು ಕಡೆ ಸಿಕ್ಕು ಬಂದಾಗ ತಡೆದು, ಮತ್ತೆ ಕೆಳಗಿನಿಂದ ಶುರುಮಾಡಿದ. ಬೆರಳು ಒಂದು ಕ್ಲಿಪ್ಪಿನ ಹತ್ತಿರ ಬಂದು ನಿಂತಿತು. ಈ ಸಲ ಅವನು ಯಾರನ್ನೂ ಕೇಳಲಿಲ್ಲ. ಕ್ಲಿಪ್ಪು ತೆಗೆದ. ಅತ್ತೆಯ ಮುಖವನ್ನೇ ನೋಡುತ್ತಾ ನಿಂತ. ಕೆಳಗೆ ಚೀಲದಲ್ಲಿ ಹಳೆಯ ನೀರು ತಿಳಿ ಹಳದಿಯಾಗಿ ಬೀಳತೊಡಗಿತು.